ಬನ್ನೂರು ಮಂದೆಗೆ ಬೀಜದ ಟಗರು: ಬಾಡಿನ ಗುಣ ನೋಡಿ ಆರಿಸುವ ಬಗೆ

ಬನ್ನೂರು ಕುರಿಗೆ ಹೆಸರು ಬಂದದ್ದು ಬಾಡಿನಿಂದ. ಮಳವಳ್ಳಿ ಸೀಮೆಯ ಈ ಗಿಡ್ಡ ತಳಿಗೆ ಎತ್ತರ ನೋಡಿ ಟಗರು ತಂದರೆ ತಳಿಯೇ ಕೆಡುತ್ತದೆ. ಉದ್ದ ಕಾಲಿನ ಮಿಶ್ರತಳಿಯ ಮರಿ ತಕ್ಕಡಿಯಲ್ಲಿ ಹೆಚ್ಚು ತೂಗಬಹುದು, ಆದರೆ ತುಂಬಿದ ತೊಡೆ ಒಂದೆರಡು ತಲೆಮಾರಿನಲ್ಲೇ ಮಾಯವಾಗುತ್ತದೆ.

ಮೊದಲು ಹಿಂದೆ ನಿಂತು ನೋಡಿ. ಎರಡೂ ತೊಡೆ ತುಂಬಿ, ಹಿಂಭಾಗ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿದಂತೆ ಕಾಣಬೇಕು. ಹಿಂಗಾಲಿನ ಕೀಲುಗಳು ಒಂದಕ್ಕೊಂದು ತಗಲುವ ಟಗರು ಬೇಡ. ಆಮೇಲೆ ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನಿನ ಮೇಲೆ ಕೈಯಿಡಿ. ಮೂಳೆಯ ತುದಿ ಚುಚ್ಚಿದರೆ ಬಡಕಲು. ಒತ್ತಿದರೂ ಸಿಗದಿದ್ದರೆ ಕೊಬ್ಬು ವಿಪರೀತ. ಒತ್ತಿದಾಗ ತುದಿ ದುಂಡಗೆ ಸಿಕ್ಕಿ, ಇಕ್ಕೆಲದಲ್ಲೂ ಮಾಂಸ ಗಟ್ಟಿಯಾಗಿ ತುಂಬಿರಬೇಕು. ಬಕ್ರೀದಿಗೆಂದು ಕೊಬ್ಬಿಸಿದ ಟಗರನ್ನು ಬೀಜಕ್ಕೆ ಕೊಳ್ಳಬೇಡಿ: ಮೈಯ ದೋಷವನ್ನು ಕೊಬ್ಬು ಮುಚ್ಚಿರುತ್ತದೆ, ಕುರಿಗಳ ಮೇಲೆ ಹಾರುವ ಹುರುಪೂ ಕಡಿಮೆ.

ಕಣ್ಣಳತೆ ಸಾಲದು, ತೂಕದ ಲೆಕ್ಕ ಕೇಳಿ. ಹುಟ್ಟಿದಾಗ 2 ಕೆಜಿ ಇದ್ದ ಮರಿ 100ನೇ ದಿನ 13 ಕೆಜಿ ತೂಗಿದರೆ ದಿನಕ್ಕೆ 110 ಗ್ರಾಂ ಬೆಳೆದಿದೆ. ಎಲ್ಲ ಮರಿಗಳನ್ನೂ ಒಂದೇ ವಯಸ್ಸಿನಲ್ಲಿ ಹೋಲಿಸಲು ಇದೇ ಲೆಕ್ಕವನ್ನು 90 ದಿನಕ್ಕೆ ಹಾಕಿದರೆ 11.9 ಕೆಜಿ. ಒಂದೇ ಮಂದೆಯಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದ ಮರಿಗಳನ್ನಷ್ಟೇ ಹೋಲಿಸಿ. ಅವಳಿ ಮರಿ ಸ್ವಲ್ಪ ಕಡಿಮೆ ತೂಗಿದರೂ ತಳ್ಳಿಹಾಕಬೇಡಿ, ಅದು ಕುಡಿದದ್ದು ಹಂಚಿಕೊಂಡ ಹಾಲು.

ಬದುಕಿರುವ ಟಗರಿನ ಬಾಡು ಕೊಯ್ದು ನೋಡಲಾಗದು. ಹಾಗಾಗಿ ಅದೇ ಅಪ್ಪನಿಗೆ ಹುಟ್ಟಿ ಕಡಿಯಲು ಹೋದ ಮರಿಗಳ ಸುದ್ದಿ ತಿಳಿಯಿರಿ. ಜೀವತೂಕ ಎಷ್ಟಿತ್ತು, ಚರ್ಮ, ತಲೆ, ಕರುಳು ತೆಗೆದ ಮೇಲೆ ಎಷ್ಟು ಉಳಿಯಿತು, ಕೊಬ್ಬು ಮಾಂಸದೊಳಗೆ ಬೆರೆತಿತ್ತೋ, ಬರೀ ಹೊಟ್ಟೆಯಲ್ಲಿ ಗಡ್ಡೆ ಕಟ್ಟಿತ್ತೋ? ಇದನ್ನು ಮಾಂಸದಂಗಡಿಯವರಷ್ಟು ಚೆನ್ನಾಗಿ ಹೇಳುವವರಿಲ್ಲ. ನಾಲ್ಕೈದು ಮರಿಗಳ ಲೆಕ್ಕ ಸಿಕ್ಕರೂ ಬೆಲೆಯುಳ್ಳದ್ದೇ, ಆದರೆ ತೂಗುವ ಮುನ್ನ ಎಲ್ಲವನ್ನೂ ಒಂದೇ ಹೊತ್ತು ಉಪವಾಸ ಇಟ್ಟಿರಬೇಕು.

ಟಗರಿನ ಬೀಜ (ವೃಷಣ) ಎರಡೂ ಸಮ, ಗಟ್ಟಿ, ಗಂಟಿಲ್ಲದೆ ಇರಲಿ. ಕುರಿಗಳಲ್ಲಿ ಗರ್ಭಪಾತ ತರಬಲ್ಲ ಬ್ರುಸೆಲ್ಲಾ ರೋಗಾಣುವಿಗೆ ರಕ್ತಪರೀಕ್ಷೆ ಮಾಡಿಸಿ. ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಜ್ವರ ಬಂದು ಎದ್ದ ಟಗರನ್ನು ಎರಡು ತಿಂಗಳು ನಂಬಬೇಡಿ.

ಎರಡು ಹಲ್ಲಿನ (ಹಾಲುಹಲ್ಲು ಬಿದ್ದು ಮೊದಲ ಎರಡು ಕಾಯಂ ಹಲ್ಲು ಬಂದ) ಟಗರಿಗೆ ಮೊದಲ ಸಲ 15–20 ಕುರಿ, ಬಲಿತ ಮೇಲೆ 25–30. ಅದರ ಹೆಣ್ಣುಮರಿಗಳು ಬೆದೆಗೆ ಬರುವ ಮುನ್ನ ಟಗರು ಬದಲಿಸಿ, ಹೊಸದನ್ನು ನೆಂಟಸ್ತಿಕೆಯಿಲ್ಲದ ಮಂದೆಯಿಂದ ತನ್ನಿ.