ಬೀಗದ ಕೈ ಯಾರ ಹತ್ತಿರ ಇತ್ತು? ಡಾಲಂಗ್ಯಾಂಗರ್ ಸರಣಿ ಓದುವ ಬಗೆ

ಅಮೆರಿಕದ ಕಾದಂಬರಿಗಾರ್ತಿ ವಿ.ಸಿ. ಆಂಡ್ರೂಸ್ ಅವರ, ತಾಯಿಯೇ ನಾಲ್ಕು ಮಕ್ಕಳನ್ನು ಅಟ್ಟದಲ್ಲಿ ಬಚ್ಚಿಡುವ ಕಥೆಯಿಂದ ಶುರುವಾಗುವ ಡಾಲಂಗ್ಯಾಂಗರ್ ಸರಣಿ ಓದಬೇಕು ಅಂತಿದ್ದರೆ ಪುಸ್ತಕದ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಕಥೆಯ ಮನೆಯಲ್ಲಿರುವ ಒಬ್ಬೊಬ್ಬರಿಗೂ ಒಂದೊಂದು ಪುಟ ಬಿಡಿ. ಪ್ರತಿ ಪುಟದಲ್ಲೂ ಗೆರೆ ಎಳೆದು ಮೂರು ಅಂಕಣ ಮಾಡಿ: ಇವರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು, ಯಾರಿಗೆ ಹೇಳಲಿಲ್ಲ. ಕುಟುಂಬದ ಗುಟ್ಟಿನ ಕಥೆಗಳಲ್ಲಿ ದ್ರೋಹ ಒಂದೇ ಏಟಿಗೆ ಬಂದು ಬೀಳುವುದಿಲ್ಲ. ಊಟದ ಬುಟ್ಟಿಯಲ್ಲಿ, ಮುಂದೂಡಿದ ತಾರೀಕಿನಲ್ಲಿ, ಔಷಧಿ ಕೊಡದೇ ಹೋದ ರಾತ್ರಿಯಲ್ಲಿ ಸ್ವಲ್ಪಸ್ವಲ್ಪವೇ ಜಮೆಯಾಗುತ್ತದೆ. ಅದನ್ನು ಜಮೆಯಾಗುವಾಗಲೇ ಹಿಡಿಯುವುದು ಹೇಗೆ ಅನ್ನುವುದಷ್ಟೇ ನಾನು ಇಲ್ಲಿ ಹೇಳಬೇಕೆಂದಿರುವುದು.

ನಾನು ಕಲಬುರಗಿಯಲ್ಲಿ ಸ್ಟಾಫ್ ನರ್ಸ್. ನೈಟ್ ಡ್ಯೂಟಿಯ ನಡುವೆ ಸಿಗುವ ಬಿಡುವಿನಲ್ಲಿ ಓದುವವಳು. ಹಾಸ್ಟೆಲ್ಲಿನ ಹುಡುಗಿಯರು ಈಗ ಡಾರ್ಕ್ ರೊಮಾನ್ಸ್ ಅಂತ, ಕ್ರೌರ್ಯ ಬೆರೆತ ಪ್ರೇಮಕಥೆಗಳನ್ನು ಒಂದಾದ ಮೇಲೊಂದು ಓದುತ್ತಾರೆ. ಅವರಿಗೆ ನಾನು ಕೊಡುವುದು ಮಾತ್ರ ಈ ಹಳೆಯ ಸರಣಿಯನ್ನೇ. ಪ್ರೀತಿ, ಸೆರೆ, ಆಸ್ತಿ, ಸೇಡು, ಹೆತ್ತವರ ಸುಳ್ಳು, ಇವತ್ತಿನ ಪುಸ್ತಕಗಳಲ್ಲಿ ಬರುವ ಎಲ್ಲವೂ ಇದರಲ್ಲಿ ಆಗಲೇ ಇವೆ. ಗಮನಿಸಿ, ಮೊದಲ ಪುಸ್ತಕದ ಗುಟ್ಟುಗಳನ್ನು ಇಲ್ಲಿ ಬಿಚ್ಚಿಯೇ ಮಾತಾಡುತ್ತೇನೆ. ಉಳಿದವುಗಳದ್ದು ಹೇಳುವುದಿಲ್ಲ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಈಗಿನ ಡಾರ್ಕ್ ರೊಮಾನ್ಸ್ ಪುಸ್ತಕಗಳ ಮೊದಲ ಪುಟಗಳಲ್ಲಿ ಒಳಗೆ ಏನೇನಿದೆ ಅಂತ ಲೇಖಕಿಯರೇ ಬಹಳಷ್ಟು ಸಲ ಪಟ್ಟಿ ಹಾಕಿರುತ್ತಾರೆ. 1979ರಲ್ಲಿ ಆ ಪದ್ಧತಿ ಇರಲಿಲ್ಲ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಮಕ್ಕಳನ್ನು ಕೂಡಿಹಾಕುವುದು, ಹೊಡೆತ, ಉಪವಾಸ ಕೆಡವುವುದು, ವಿಷ, ಮಗುವಿನ ಸಾವು ಇದರಲ್ಲಿವೆ. ಒಡಹುಟ್ಟಿದವರ ನಡುವೆ ಆಗಬಾರದ್ದು ಆಗುತ್ತದೆ, ಅದರಲ್ಲಿ ಬಲವಂತವೂ ಇದೆ. ಕಥೆ ಹೇಳುವ ಕ್ಯಾಥಿ ಅದನ್ನು ಕ್ಷಮಿಸುತ್ತಾಳೆ, ಆಮೇಲೆ ಪ್ರೀತಿ ಅಂತಲೂ ಕರೆಯುತ್ತಾಳೆ. ನೀವು ಹಾಗೆ ಕರೆಯಬೇಕಿಲ್ಲ. ಹೊರಗಿನ ಗಾಳಿ ಬೆಳಕು ಕಾಣದೆ ಬೆಳೆದ ಮಕ್ಕಳಿಗೆ ಬೇರೆ ಮನುಷ್ಯರೇ ಇರಲಿಲ್ಲ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಹದಿನೆಂಟು ದಾಟದವರ ಕೈಗೆ ನಾನು ಈ ಪುಸ್ತಕ ಕೊಡುವುದಿಲ್ಲ. ಇಂಥ ನೋವನ್ನು ಸ್ವಂತ ಮನೆಯಲ್ಲಿ ಕಂಡವರಿದ್ದರೆ ಮುಟ್ಟದೇ ಇರುವುದೂ ಸರಿಯಾದ ನಿರ್ಧಾರವೇ.

ಇನ್ನು ಯಾವುದಾದ ಮೇಲೆ ಯಾವುದು ಅನ್ನುವುದು. ‘ಫ್ಲವರ್ಸ್ ಇನ್ ದಿ ಆಟಿಕ್’ ಬಂದದ್ದು 1979ರಲ್ಲಿ, ‘ಪೆಟಲ್ಸ್ ಆನ್ ದಿ ವಿಂಡ್’ 1980ರಲ್ಲಿ, ‘ಇಫ್ ದೇರ್ ಬಿ ಥಾರ್ನ್ಸ್’ 1981ರಲ್ಲಿ, ‘ಸೀಡ್ಸ್ ಆಫ್ ಯೆಸ್ಟರ್ಡೇ’ 1984ರಲ್ಲಿ. ಐದನೆಯದು ‘ಗಾರ್ಡನ್ ಆಫ್ ಶಾಡೋಸ್’. ಇದರಲ್ಲಿರುವುದು ಹಿಂದಿನ ತಲೆಮಾರಿನ, ಆ ಮಕ್ಕಳ ಅಜ್ಜಿಯ ಕಥೆ. ಕಾಲಕ್ರಮದಲ್ಲಿ ಇದೇ ಮೊದಲಲ್ಲವೇ ಅಂತ ಕೆಲವರು ಇದರಿಂದಲೇ ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಕ್ಕಳಿಗೆ ಗೊತ್ತಿಲ್ಲದ್ದು ನಮಗೆ ಮೊದಲೇ ಗೊತ್ತಾಗಿಬಿಟ್ಟರೆ ಅಟ್ಟದ ಕತ್ತಲೆಯಲ್ಲಿ ಅವರ ಜೊತೆ ಕೂರಲು ಆಗುವುದಿಲ್ಲ. ಅಚ್ಚಾದ ಕ್ರಮದಲ್ಲೇ ಓದಿ, ಅಜ್ಜಿಯ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಆಂಡ್ರೂಸ್ 1986ರ ಡಿಸೆಂಬರಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಐದನೆಯ ಪುಸ್ತಕವನ್ನು ಮುಗಿಸಿದವರು ಆಂಡ್ರ್ಯೂ ನೈಡರ್‌ಮನ್ ಎಂಬ ಇನ್ನೊಬ್ಬ ಕಾದಂಬರಿಕಾರ. ಅದಾದ ಮೇಲೂ ಅದೇ ಹೆಸರಿನಲ್ಲಿ ದಶಕಗಳ ಕಾಲ ಪುಸ್ತಕ ಬರೆದವರು ಅವರೇ. ಹೀಗಾಗಿ ಕವರಿನ ಮೇಲೆ ವಿ.ಸಿ. ಆಂಡ್ರೂಸ್ ಅಂತ ಇದ್ದ ಮಾತ್ರಕ್ಕೆ ಅವರದ್ದೇ ಬರಹ ಅಂದುಕೊಳ್ಳಬೇಡಿ, ಒಳಪುಟದಲ್ಲಿ ಕಾಪಿರೈಟ್ ವರ್ಷ ನೋಡಿ. ಅವರು ಬಿಟ್ಟುಹೋದ ಆಸ್ತಿಯ ತೆರಿಗೆ ಲೆಕ್ಕಕ್ಕೆ ಈ ಹೆಸರಿನ ಬೆಲೆ ಎಷ್ಟು ಅನ್ನುವ ಜಗಳ ಅಮೆರಿಕದ ತೆರಿಗೆ ಇಲಾಖೆಯ ಜೊತೆ ಕೋರ್ಟಿಗೂ ಹೋಗಿ, 1994ರಲ್ಲಿ ನ್ಯಾಯಾಲಯ ಅದಕ್ಕೆ 7,03,500 ಡಾಲರ್ ಬೆಲೆ ಕಟ್ಟಿತು. ಆಸ್ತಿ ಮತ್ತು ವಿಲ್ಲಿನ ಕಥೆ ಬರೆದ ಹೆಂಗಸಿನ ಹೆಸರೇ ಪಿತ್ರಾರ್ಜಿತದ ಲೆಕ್ಕಕ್ಕೆ ಸೇರಿದ್ದು ನನ್ನನ್ನು ತುಂಬ ಕಾಡಿದ ಸಂಗತಿ. ಹದಿಹರೆಯದಲ್ಲಿ ಶಾಲೆಯ ಮೆಟ್ಟಿಲ ಮೇಲೆ ಬಿದ್ದ ಪೆಟ್ಟು, ಆಮೇಲಿನ ಆಪರೇಷನ್, ಸಂಧಿವಾತ ಇವುಗಳಿಂದಾಗಿ ಅವರು ಊರುಗೋಲು, ಗಾಲಿಕುರ್ಚಿ ನಂಬಿಕೊಂಡೇ ಬದುಕಿದವರು. ಒಂದು ಕೋಣೆಯೊಳಗಿನ ದಿನಗಳು ಎಷ್ಟು ಉದ್ದ ಅನ್ನುವುದು ಅವರಿಗೆ ಗೊತ್ತಿತ್ತು ಅಂತ ಮೊದಲ ಪುಸ್ತಕ ಓದುವಾಗ ನನಗೆ ಪುಟಪುಟಕ್ಕೂ ಅನ್ನಿಸುತ್ತದೆ.

ಈಗ ನೋಟ್‌ಬುಕ್ಕಿಗೆ ಬರೋಣ. ಮೊದಲು ವಂಶವೃಕ್ಷ ಬರೆಯಿರಿ, ಅದೂ ನಮ್ಮ ನಂಟಸ್ತಿಕೆಯ ಲೆಕ್ಕದಲ್ಲಿ. ತಾಯಿ ಕೊರಿನ್ ಮನೆಬಿಟ್ಟು ಬಂದು ಮದುವೆಯಾದದ್ದು ತನಗೆ ಸಂಬಂಧದಲ್ಲಿ ಹಿರಿಯನಾದವನನ್ನು, ಅದಕ್ಕೇ ಅಪ್ಪ ಮಾಲ್ಕಮ್ ಅವಳನ್ನು ಹೊರಗೆ ಹಾಕಿದ್ದು. ಇದನ್ನು ಓದಿದ ನನ್ನ ಸಹೋದ್ಯೋಗಿಯೊಬ್ಬಳು, ‘ಇದಕ್ಯಾಕ ಇಷ್ಟು ರಾದ್ಧಾಂತ? ನಮ್ಮವ್ವನ್ನೂ ಸೋದರಮಾವಗೇ ಕೊಟ್ಟಾರ’ ಅಂದಳು. ನಮ್ಮ ಕಡೆಯ ಓದುಗರು ಎಡವುವುದು ಇಲ್ಲೇ. ಕೊರಿನ್‌ಳ ಗಂಡ ತಾಯಿಯ ತಮ್ಮನಲ್ಲ, ಮಾಲ್ಕಮನ ತಂದೆಯ ಎರಡನೇ ಹೆಂಡತಿಯ ಮಗ. ಅಂದರೆ ಅವಳಪ್ಪನ ಮಲತಮ್ಮ, ನಮ್ಮ ಲೆಕ್ಕದಲ್ಲಿ ಕಾಕಾ, ತಂದೆಗೆ ಸಮಾನ. ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದಾಗ ಅವಳು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮನೆಯ ಸಿಟ್ಟಿನ ಕಾವು ತಟ್ಟಬೇಕಾದರೆ ಈ ಗೆರೆ ಮೊದಲು ಬಿದ್ದಿರಬೇಕು. ಮರದ ಸುತ್ತ ಜಾಗ ಬಿಟ್ಟಿರಿ, ಐದನೆಯ ಪುಸ್ತಕದ ಹೊತ್ತಿಗೆ ಅದನ್ನು ತಿದ್ದಬೇಕಾಗುತ್ತದೆ.

ಇನ್ನೊಂದು ಕಡೆಯೂ ನಮ್ಮ ಅಭ್ಯಾಸ ಅಡ್ಡ ಬರುತ್ತದೆ, ಆಸ್ತಿಯ ವಿಷಯದಲ್ಲಿ. ನಮ್ಮ ಹಿಂದೂ ಕುಟುಂಬಗಳ ಪಿತ್ರಾರ್ಜಿತದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು. ವರ್ಜೀನಿಯಾದ ಶ್ರೀಮಂತ ಮಾಲ್ಕಮ್ ಹಾಗಲ್ಲ, ಒಂದು ವಿಲ್ ಬರೆದರೆ ಮಗಳನ್ನು ಬರಿಗೈಯಲ್ಲಿ ಕಳಿಸಬಲ್ಲ. ಆದ್ದರಿಂದಲೇ ಗಂಡ ಸತ್ತು, ಸಾಲಗಾರರು ಮನೆಯ ಸಾಮಾನು ಹೊತ್ತೊಯ್ಯುವ ಸ್ಥಿತಿ ಬಂದಾಗ ಕೊರಿನ್ ನಾಲ್ಕು ಮಕ್ಕಳನ್ನು ತವರಿನ ಬಂಗಲೆ ‘ಫಾಕ್ಸ್‌ವರ್ತ್ ಹಾಲ್’ನ ಕೋಣೆಯೊಂದರಲ್ಲಿ, ಅದರ ಮೇಲಿನ ಅಟ್ಟದಲ್ಲಿ ಬಚ್ಚಿಡುತ್ತಾಳೆ. ಕ್ರಿಸ್‌ಗೆ ಹದಿನಾಲ್ಕು, ಕ್ಯಾಥಿಗೆ ಹನ್ನೆರಡು, ಅವಳಿ ಮಕ್ಕಳು ಕೋರಿ ಮತ್ತು ಕ್ಯಾರಿಗೆ ಐದು ವರ್ಷ. ಅಜ್ಜನಿಗೆ ಮಕ್ಕಳಿರುವುದೇ ಗೊತ್ತಾಗಬಾರದು. ಅವನ ಮನಸ್ಸು ಗೆಲ್ಲುವವರೆಗೆ ಅಂತ ಶುರುವಾದದ್ದು ಅವನು ಸಾಯುವವರೆಗೆ ಅಂತ ಆಗುತ್ತದೆ.

ತಾಯಿಯ ಪುಟದಲ್ಲಿ ಅವಳು ಕೊಟ್ಟ ಗಡುವುಗಳನ್ನೆಲ್ಲ ಬರೆದಿಡಿ. ಮೊದಲಿಗೆ ಒಂದು ರಾತ್ರಿ ಅನ್ನುತ್ತಾಳೆ. ಆಮೇಲೆ ಕೆಲವು ದಿನ, ಆಮೇಲೆ ಇನ್ನೂ ಸ್ವಲ್ಪ. ಕೊನೆಗೆ ಮೂರು ವರ್ಷಕ್ಕೂ ಮಿಕ್ಕಿ ಕಳೆದುಹೋಗುತ್ತದೆ. ಪ್ರತಿ ಗಡುವಿನ ಎದುರು ಆ ದಿನ ಅವಳು ಏನು ಉಟ್ಟಿದ್ದಳು, ಏನು ತಂದಳು, ಎಷ್ಟು ಹೊತ್ತು ಕೂತಳು ಅಂತಲೂ ಬರೆಯಿರಿ. ಬಟ್ಟೆ, ಒಡವೆ ಏರುತ್ತಾ ಹೋದಂತೆ ಭೇಟಿಗಳು ತೆಳುವಾಗುತ್ತವೆ, ಭೇಟಿ ತೆಳುವಾದಷ್ಟೂ ಉಡುಗೊರೆ ದೊಡ್ಡದಾಗುತ್ತದೆ. ಸುಮ್ಮನೆ ಓದಿಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಕ್ಯಾಥಿ ಮಕ್ಕಳ ಲೋಕದಲ್ಲಿ ನಮ್ಮನ್ನು ಮುಳುಗಿಸಿರುತ್ತಾಳೆ: ಅಟ್ಟಕ್ಕೆ ಕಾಗದದ ಹೂಗಳ ತೋಟ ಕಟ್ಟುವುದು, ಋತು ಬದಲಾದಂತೆ ಹೂಗಳನ್ನು ಬದಲಾಯಿಸುವುದು, ಕೋರಿ ಸಾಕಿದ ಇಲಿ. ಹಾಗಂತ ತಾಯಿಯನ್ನು ಮೊದಲ ದಿನವೇ ರಾಕ್ಷಸಿ ಮಾಡಬೇಡಿ. ಮನೆಗೆ ಮರಳಿದ ಕೂಡಲೇ ಅವಳಿಗೂ ಚಾಟಿಯೇಟು ಬೀಳುತ್ತದೆ, ಬೆನ್ನಿನ ಬಾಸುಂಡೆಗಳನ್ನು ಮಕ್ಕಳಿಗೆ ತೋರಿಸಲಾಗುತ್ತದೆ. ಅಂಥ ಹೆಂಗಸು ಯಾವ ಪುಟದಲ್ಲಿ ದಾಟಬಾರದ ಗೆರೆ ದಾಟಿದಳು ಅಂತ ನೀವೇ ಹುಡುಕಬೇಕು. ನಮ್ಮ ಹಾಸ್ಟೆಲ್ಲಿನಲ್ಲಿ ಇಬ್ಬರು ಇದಕ್ಕೆ ಒಂದೇ ಪುಟ ತೋರಿಸಿದ್ದನ್ನು ನಾನು ನೋಡಿಲ್ಲ. ನನ್ನ ಮಟ್ಟಿಗೆ ಅದು ಎರಡನೇ ಮದುವೆಯಾಗಿ ಯುರೋಪಿಗೆ ಹೋಗಿ ಬಂದವಳು, ಮಕ್ಕಳು ಬಿಳಿಚಿ ಕುಗ್ಗಿರುವುದನ್ನು ಕಂಡೂ ಕಾಣದಂತೆ ಪ್ರವಾಸದ ಸಡಗರದಲ್ಲೇ ಇರುವ ಜಾಗ.

ನೋಟ್‌ಬುಕ್ಕಿನ ಮುಖ್ಯ ಪುಟ ಊಟದ್ದು. ಬೆಳಗ್ಗೆ ಅಜ್ಜಿ ಒಲಿವಿಯಾ ಬುಟ್ಟಿಯಲ್ಲಿ ಇಡೀ ದಿನದ ಊಟ ತಂದಿಡುತ್ತಾಳೆ. ಏನೇನಿತ್ತು, ಯಾವಾಗ ಬದಲಾಯಿತು ಅಂತ ಗುರುತು ಹಾಕುತ್ತಾ ಹೋಗಿ. ಒಂದು ಹಂತದಲ್ಲಿ ಸಕ್ಕರೆಪುಡಿ ಉದುರಿಸಿದ ಡೋನಟ್‌ಗಳು ಬರಲು ಶುರುವಾಗುತ್ತವೆ. ಸಿಹಿಯೇ ಕಾಣದಿದ್ದ ಮಕ್ಕಳಿಗೆ ಅದು ಹಬ್ಬ. ಆ ತಾರೀಕಿಗೆ ಅಡ್ಡಗೆರೆ ಹಾಕಿ, ಅಲ್ಲಿಂದ ಮುಂದೆ ಮಕ್ಕಳ ಮೈಯಲ್ಲಿ ಏನಾಗುತ್ತದೆ ಬರೆಯಿರಿ: ಹೊಟ್ಟೆ ತೊಳಸುವುದು, ವಾಂತಿ, ನಿಶ್ಶಕ್ತಿ, ಬಿಳಿಚಿದ ಮುಖ. ಕೋರಿಯನ್ನು ಆಸ್ಪತ್ರೆಗೆ ಅಂತ ಎತ್ತಿಕೊಂಡು ಹೋಗುವ ತಾಯಿ, ಮರಳಿ ಬಂದು ನ್ಯುಮೋನಿಯಾದಿಂದ ತೀರಿಕೊಂಡ ಅನ್ನುತ್ತಾಳೆ. ನೀವು ಬರೆದ ಲಕ್ಷಣಗಳ ಪಕ್ಕ ಈ ಮಾತನ್ನು ಇಟ್ಟು ನೋಡಿ. ವಾರ್ಡಿನಲ್ಲಿ ಕೇಸ್ ಶೀಟ್ ಓದುವವಳಿಗೆ ಎರಡೂ ತಾಳೆಯಾಗುವುದಿಲ್ಲ. ಸಕ್ಕರೆಯ ಜೊತೆ ಇದ್ದದ್ದು ಆರ್ಸೆನಿಕ್. ಮಕ್ಕಳಿಗೆ ಖಚಿತವಾಗುವುದು ಆ ಡೋನಟ್ ತಿಂದ ಇಲಿ ಸತ್ತ ಮೇಲೆ.

ಆರ್ಸೆನಿಕ್ ನಮ್ಮ ಭಾಗದವರಿಗೆ ಬರೀ ಕಾದಂಬರಿಯ ವಿಷವಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಅದು ಸಿಕ್ಕಿ, ಜನರ ಚರ್ಮದ ಮೇಲೆ ಗಾಯ ಎದ್ದದ್ದು ಇಲ್ಲಿನವರಿಗೆ ಗೊತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಸ್ವಲ್ಪಸ್ವಲ್ಪವೇ ಮೈಸೇರಿದರೆ ಯಾವುದೋ ಸಾಮಾನ್ಯ ಹೊಟ್ಟೆನೋವಿನ ಹಾಗೇ ಕಾಣುತ್ತದೆ, ಕೂದಲಲ್ಲಿ, ಉಗುರಲ್ಲಿ ಗುರುತು ಬಿಡುವುದು ಆಮೇಲೆ. ಆಂಡ್ರೂಸ್ ಈ ನಿಧಾನವನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡಿದ್ದಾರೆ. ಒಂದು ತಾರೀಕು ಮಾತ್ರ ಕೈತಪ್ಪಬಾರದು: ಅಜ್ಜ ಸತ್ತು ಎಷ್ಟು ತಿಂಗಳಾಗಿತ್ತು ಅಂತ ಕ್ರಿಸ್ ಕೊನೆಯಲ್ಲಿ ಕದ್ದು ಕೇಳಿ ತರುವ ಸುದ್ದಿ. ಜೊತೆಗೆ ವಿಲ್ಲಿಗೆ ಸೇರಿಸಿದ ಷರತ್ತು, ಮೊದಲ ಮದುವೆಯಿಂದ ಮಕ್ಕಳಿದ್ದರೆಂದು ತಿಳಿದರೆ ಕೊರಿನ್ ಎಲ್ಲವನ್ನೂ ಕಳೆದುಕೊಳ್ಳುತ್ತಾಳೆ ಅನ್ನುವುದು. ಈ ಎರಡನ್ನೂ ಡೋನಟ್ ಪುಟದ ಪಕ್ಕ ಇಡಿ. ಬುಟ್ಟಿ ಹೊತ್ತು ತಂದವಳು ಅಜ್ಜಿ, ಲಾಭ ಯಾರಿಗೆ ಅನ್ನುವುದು ಆಗ ನಿಮ್ಮ ಕೈಬರಹದಲ್ಲೇ ಕಾಣುತ್ತದೆ.

ಈ ಭಾಗವನ್ನು ರಾತ್ರಿ ಮಲಗುವ ಮುನ್ನ ಓದಬೇಡಿ. ನಾನು ಡ್ಯೂಟಿ ಮುಗಿದ ಮೇಲೆ, ಬೆಳಗಿನ ಬಿಸಿಲಲ್ಲಿ ಓದುತ್ತೇನೆ.

ಎರಡನೆಯ ಪುಸ್ತಕ ಓಡುತ್ತದೆ. 1960ರ ನವೆಂಬರಿನಲ್ಲಿ ತಪ್ಪಿಸಿಕೊಂಡ ಮಕ್ಕಳಿಗೆ ದಕ್ಷಿಣ ಕ್ಯಾರೊಲಿನಾದಲ್ಲಿ ಒಬ್ಬ ಡಾಕ್ಟರ ಮನೆಯ ಆಸರೆ ಸಿಗುತ್ತದೆ, ಕ್ಯಾಥಿ ಬ್ಯಾಲೆ ಕಲಿಯುತ್ತಾಳೆ, ಸೇಡು ಹೂಡುತ್ತಾಳೆ. ಇಲ್ಲಿ ನೋಟ್‌ಬುಕ್ಕಿನ ಕೆಲಸ ಬೇರೆ. ತಾಯಿಯ ಪುಟದಲ್ಲಿ ಬರೆದಿದ್ದ ಸಾಲುಗಳನ್ನು ಕ್ಯಾಥಿಯ ಪುಟದಲ್ಲಿ ಹುಡುಕಿ. ಯಾರ್ಯಾರ ಬಳಿ ಅವಳೂ ಏನನ್ನು ಮುಚ್ಚಿಡುತ್ತಿದ್ದಾಳೆ, ಯಾವ ಗಂಡಸನ್ನು ಪ್ರೀತಿಗಾಗಿ ಹತ್ತಿರ ಮಾಡಿಕೊಂಡಳು, ಯಾರನ್ನು ತಾಯಿಯ ಮೇಲಿನ ಹಟಕ್ಕೆ?

ಮೂರನೆಯದು ನನಗೆ ಬಹಳ ಇಷ್ಟ, ಅನೇಕರು ಕೈಬಿಡುವುದೂ ಇದನ್ನೇ. ಕ್ಯಾಥಿಯ ದನಿ ಇಲ್ಲಿಲ್ಲ. ಜೋರಿ, ಬಾರ್ಟ್ ಎಂಬ ಇಬ್ಬರು ಹುಡುಗರು ಸರದಿಯಲ್ಲಿ ಕಥೆ ಹೇಳುತ್ತಾರೆ. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ, ನಾವು ಎರಡು ಪುಸ್ತಕದುದ್ದಕ್ಕೂ ಹೊತ್ತು ತಂದದ್ದು ಅವರಿಗೆ ಅರ್ಧಂಬರ್ಧ ಕಿವಿಗೆ ಬೀಳುತ್ತದೆ. ಚಿಕ್ಕವನಾದ ಬಾರ್ಟ್ ಕೇಳಿಸಿಕೊಂಡದ್ದನ್ನು ತಪ್ಪಾಗಿ ಜೋಡಿಸಿಕೊಳ್ಳುವುದನ್ನು ನಿಧಾನವಾಗಿ ಓದಿ. ಮನೆಯವರು ಮಗುವಿನಿಂದ ಏನನ್ನಾದರೂ ಮುಚ್ಚಿಟ್ಟರೆ, ಬಾಯಿಬಿಟ್ಟು ಹೇಳಲು ಬೇರೊಬ್ಬರು ಪಕ್ಕದ ಮನೆಯಲ್ಲೇ ಕಾದಿರುತ್ತಾರೆ. ನಾಲ್ಕನೆಯದು ಎಳೆಯುತ್ತದೆ, ದಣಿವಾದರೆ ಕೆಲವು ಅಧ್ಯಾಯಗಳನ್ನು ಬೇಗಬೇಗ ದಾಟಿ. ಮುಕ್ತಾಯಕ್ಕಾಗಿ ಮಾತ್ರ ಓದಲೇಬೇಕು.

ಸಿನಿಮಾ ಮೊದಲು ನೋಡಬೇಡಿ. 1987ರ ಚಿತ್ರದಲ್ಲಿ ಕೊನೆಯನ್ನೇ ಬದಲಾಯಿಸಿದ್ದಾರೆ. ಅದನ್ನು ನೋಡಿ ಎರಡನೆಯ ಪುಸ್ತಕ ತೆರೆದರೆ ಕಥೆ ಕೂಡುವುದೇ ಇಲ್ಲ. 2014ರ ಟಿವಿ ಚಿತ್ರ ಪುಸ್ತಕಕ್ಕೆ ಹತ್ತಿರವಿದೆ, ಅಜ್ಜಿಯಾಗಿ ಎಲೆನ್ ಬರ್ಸ್ಟಿನ್ ಅಭಿನಯ ನೋಡಲು ನಾಲ್ಕೂ ಪುಸ್ತಕ ಮುಗಿಸಿ ಬನ್ನಿ.

ಐದನೆಯದನ್ನು ಹಿಡಿಯುವ ಮುಂಚೆ ಒಲಿವಿಯಾಳ ಪುಟವನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ. ಬುಟ್ಟಿ, ನಿಯಮಗಳ ಉದ್ದ ಪಟ್ಟಿ, ಚಾಟಿ, ಕ್ಯಾಥಿಯ ಕೂದಲಿಗೆ ಸುರಿದ ಟಾರು ಎಲ್ಲ ಅಲ್ಲಿರುತ್ತವೆ. ಈ ಪುಸ್ತಕದಲ್ಲಿ ಕಥೆ ಹೇಳುವವಳು ಅವಳೇ, ಎತ್ತರದ ಮೈಕಟ್ಟಿನ, ಚೆಲುವೆಯೆಂದು ಯಾರೂ ಕರೆಯದ, ಮದುವೆಯಾಗಿ ಆ ಮನೆಗೆ ಬಂದ ಹುಡುಗಿಯಾಗಿ. ಅವಳ ಮೇಲೆ ಕನಿಕರ ಹುಟ್ಟಿದಾಗ ಅದನ್ನು ತಡೆಯಬೇಡಿ, ಹಾಗೆಯೇ ಹಳೆಯ ಪುಟವನ್ನು ಹೊಡೆದುಹಾಕಲೂ ಬೇಡಿ. ಎರಡನ್ನೂ ಎದುರುಬದುರು ಪುಟಗಳಲ್ಲಿ ಇಟ್ಟುಕೊಂಡೇ ಓದಿ. ವಂಶವೃಕ್ಷದ ಸುತ್ತ ಬಿಟ್ಟ ಜಾಗದಲ್ಲಿ ಹೊಸ ಗೆರೆ ಎಳೆಯಬೇಕಾದ ಅಧ್ಯಾಯ ಬಂದಾಗ ಪೆನ್ನು ಕೈಯಲ್ಲಿರಲಿ. ಆ ಗೆರೆ ಎಳೆದ ಮೇಲೆ ಮೊದಲ ಪುಸ್ತಕ ಮತ್ತೆ ತೆಗೆದು, ಮಕ್ಕಳು ಅಜ್ಜಿಯನ್ನು ಮೊದಲ ಸಲ ನೋಡುವ ಪುಟಗಳನ್ನು ಓದಿ. ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಯಾಕೆ ಹಿಂಜರಿಯುತ್ತಾಳೆ ಅನ್ನುವುದಕ್ಕೆ ಮೂರನೆಯ ಅಂಕಣದಲ್ಲಿ, ಯಾರಿಗೆ ಹೇಳಲಿಲ್ಲ ಅನ್ನುವ ಕಡೆ, ಈಗ ಬರೆಯಲು ನಿಮ್ಮಲ್ಲಿ ಒಂದು ಸಾಲು ಇರುತ್ತದೆ.