ಪಿಯುಸಿಗೆ ನಾಲ್ಕು ವಿಷಯಗಳನ್ನು ನಾನು ಆರಿಸಿಕೊಂಡ ಬಗೆ

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದು ಸಮಾಜ ವಿಜ್ಞಾನದಲ್ಲಿ. ಆದರೂ ಫಲಿತಾಂಶದ ದಿನ ಮನೆಯಲ್ಲಿ ನಡೆದದ್ದು ಸೈನ್ಸ್ ಸೀಟಿನ ಮಾತು. "ಇಷ್ಟು ಅಂಕ ತೆಗೆದು ಆರ್ಟ್ಸ್ ತಗೊಳ್ತೀಯೇನಮ್ಮ?" ಎಂದು ದೊಡ್ಡಪ್ಪ ಕೇಳಿದಾಗ ನನ್ನಲ್ಲಿ ಆಸೆಯಿತ್ತೇ ಹೊರತು ಉತ್ತರವಿರಲಿಲ್ಲ. ಹದಿನೈದು ದಿನ ಕಾಲಾವಕಾಶ ಕೇಳಿದೆ.

ಪಿಯುಸಿಯಲ್ಲಿ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು, ಒಟ್ಟು 600 ಅಂಕಗಳು. ಭಾಷೆಗಳ ಬಗ್ಗೆ ಯೋಚಿಸಲು ಹೆಚ್ಚೇನಿರಲಿಲ್ಲ. ಉಳಿದ ನಾಲ್ಕಕ್ಕಾಗಿ ನಮ್ಮ ಬೀದಿಯ ಅಕ್ಕನೊಬ್ಬಳಿಂದ ದ್ವಿತೀಯ ವರ್ಷದ ಪಠ್ಯಪುಸ್ತಕಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ತಂದುಕೊಂಡೆ. ಮೊದಲ ಅಧ್ಯಾಯದಲ್ಲಿ ಬಹುಪಾಲು ಅರ್ಥ, ವ್ಯಾಖ್ಯೆಗಳೇ ಇರುವುದರಿಂದ ಪ್ರತಿ ಪುಸ್ತಕದ ನಡುವಿನ ಒಂದು ಅಧ್ಯಾಯವನ್ನು ಓದಿ, ಅದರ ಮೇಲಿನ ಒಂದು ದೊಡ್ಡ ಪ್ರಶ್ನೆಗೆ ಪುಸ್ತಕ ಮುಚ್ಚಿಟ್ಟು ಉತ್ತರ ಬರೆದೆ. ಇತಿಹಾಸದಲ್ಲಿ ಭಾರತದ ನಕ್ಷೆಯ ಮೇಲೆ ಸ್ಥಳಗಳನ್ನು ಗುರುತಿಸಿ, ಅವುಗಳ ಬಗ್ಗೆ ಎರಡೆರಡು ವಾಕ್ಯ ಬರೆಯುವ ಪ್ರಶ್ನೆಯೂ ಇತ್ತು. ಕಲಾ ವಿಭಾಗವೆಂದರೆ ಉರು ಹೊಡೆದು ಒಪ್ಪಿಸುವುದು ಎಂಬ ಮಾತು ಎಷ್ಟು ಪೊಳ್ಳೆಂದು ನನಗೆ ತಿಳಿದದ್ದು ಹಾಗೆ ಬರೆಯಲು ಕುಳಿತಾಗ. ವಿಷಯ ಗೊತ್ತಿದ್ದರೂ ಅದನ್ನು ಕ್ರಮವಾಗಿ ನಿಲ್ಲಿಸಲು ನನಗೆ ಮೂರು ಪ್ರಯತ್ನಗಳು ಬೇಕಾದವು.

ಸಮಾಜಶಾಸ್ತ್ರವನ್ನು ನಾನು ಬಿಡಲಾರದಂತೆ ಮಾಡಿದ್ದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಚಾರ. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಿದ್ದು ಅಧ್ಯಯನ ಮಾಡಿದರು. ತಮ್ಮ ಬರಹದಲ್ಲಿ ಅದಕ್ಕೆ ರಾಂಪುರ ಎಂಬ ಬದಲಿ ಹೆಸರಿಟ್ಟರು. ಪ್ರಬಲ ಜಾತಿ, ಅಂದರೆ ಜನಸಂಖ್ಯೆ, ಜಮೀನು, ಅಧಿಕಾರಗಳಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ ಎಂಬ ಅವರ ಪರಿಕಲ್ಪನೆಯನ್ನು ಓದುತ್ತಿದ್ದಂತೆ, ನಮ್ಮೂರಿನ ಪಂಚಾಯಿತಿ ಕಟ್ಟೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ದೂರ ನಿಂತೇ ಕೇಳಿಸಿಕೊಳ್ಳುತ್ತಾರೆ ಎಂಬುದೆಲ್ಲ ಶಾಸ್ತ್ರವಾಗಿ ಓದಬಹುದಾದ ಸಂಗತಿಯೆಂದು ಮೊದಲ ಬಾರಿಗೆ ಹೊಳೆಯಿತು. ದೊಡ್ಡಪ್ಪನಿಗೆ ಆ ಪುಟಗಳನ್ನೇ ಓದಿ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಮತ್ತೆ ಅಡ್ಡಿ ಮಾಡಲಿಲ್ಲ.

ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ ಎಂದು ಬರೆದುಕೊಂಡು ಕಾಲೇಜಿಗೆ ಹೋದಾಗ ಭೂಗೋಳಕ್ಕೆ ಅಲ್ಲಿ ಉಪನ್ಯಾಸಕರೇ ಇಲ್ಲವೆಂದು ತಿಳಿಯಿತು. ಇದ್ದದ್ದು ಎಚ್ಇಪಿಎಸ್ ಮಾತ್ರ. ಅಂದರೆ ಭೂಗೋಳದ ಜಾಗದಲ್ಲಿ ಅರ್ಥಶಾಸ್ತ್ರ. ಕಾಂಬಿನೇಷನ್ ನಿರ್ಧಾರವಾಗುವುದು ಎಷ್ಟೋ ಕಡೆ ಹೀಗೆಯೇ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಕಾಲೇಜಿನಲ್ಲಿ ವಿಚಾರಿಸುವುದು ಒಳ್ಳೆಯದು.

ಹೀಗೆ ಅನಿವಾರ್ಯವಾಗಿ ಬಂದ ಅರ್ಥಶಾಸ್ತ್ರವೇ ನನ್ನನ್ನು ಹಿಡಿದುಕೊಂಡಿತು. ಗಣಿತದಿಂದ ತಪ್ಪಿಸಿಕೊಳ್ಳಲೆಂದು ಆರ್ಟ್ಸ್‌ಗೆ ಬಂದಿದ್ದ ಗೆಳತಿಯರು ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದರ, ಲೆಕ್ಕ ಬಂದಾಗ ಕಂಗೆಟ್ಟರು. ಬೆಲೆ ಏರಿದರೂ ಉಪ್ಪಿನ ಬಳಕೆ ಏಕೆ ಅಷ್ಟಾಗಿ ಇಳಿಯುವುದಿಲ್ಲ ಎಂಬುದನ್ನು ಒಂದು ಗೆರೆಯ ಇಳಿಜಾರಿನಲ್ಲಿ ತೋರಿಸಬಹುದೆಂಬುದೇ ನನಗೆ ಸಂಭ್ರಮವಾಗಿತ್ತು. ಆದರೆ ದ್ವಿತೀಯ ಪಿಯುಸಿ ಮುಗಿಯುವಾಗ ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಹನ್ನೆರಡನೆಯ ತರಗತಿಯ ಗಣಿತ ಕಡ್ಡಾಯವೆಂದು ಗೊತ್ತಾಯಿತು. ಆ ಬಾಗಿಲು ಎರಡು ವರ್ಷ ಹಿಂದೆಯೇ ಮುಚ್ಚಿತ್ತು. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದಿಂದ ಬಂದರೂ ಸಲ್ಲುತ್ತದೆ, ನಾಗರಿಕ ಸೇವಾ ಪರೀಕ್ಷೆಗೂ ಯಾವುದೇ ಪದವಿ ಸಾಕು ಎಂಬುದನ್ನೆಲ್ಲ ವಿಚಾರಿಸಿದ್ದ ನಾನು, ಇದೊಂದನ್ನು ವಿಚಾರಿಸಿರಲಿಲ್ಲ.

ಈಗ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನೇ ಕಲಿಸುತ್ತಿದ್ದೇನೆ. ಪ್ರವೇಶಕ್ಕೆ ಬರುವ ಮಕ್ಕಳಿಗೆ ಪಠ್ಯಪುಸ್ತಕ ಕೊಟ್ಟು, ನಡುವಿನ ಅಧ್ಯಾಯ ಓದಿಕೊಂಡು ಎರಡು ದಿನ ಬಿಟ್ಟು ಬರಲು ಹೇಳುತ್ತೇನೆ. ಅರ್ಥಶಾಸ್ತ್ರದಲ್ಲೇ ಮುಂದುವರಿಯುವ ಮನಸ್ಸಿದೆಯೆನ್ನುವವರನ್ನು ಗಣಿತದ ಬಗ್ಗೆ ತಪ್ಪದೆ ಕೇಳುತ್ತೇನೆ. ಬಿ.ಎ. ಮುಗಿದ ಬೇಸಿಗೆಯಲ್ಲಿ ನಾನು ಪಿಯುಸಿ ಗಣಿತದ ಪುಸ್ತಕ ಕೊಂಡು, ಅವಕಲನದ (ಡಿಫರೆನ್ಶಿಯೇಷನ್) ಅಧ್ಯಾಯವನ್ನು ಒಬ್ಬಳೇ ಕುಳಿತು ಬಿಡಿಸಿದ್ದೆ. ಎಂ.ಎ.ಯ ಮೊದಲ ಸೆಮಿಸ್ಟರ್ ದಾಟಿದ್ದು ಆ ಅಭ್ಯಾಸದ ಬಲದಿಂದ.