ತೊಗರಿಗೆ ಕೊಟ್ಟ ಸಾಲ: ದಾನಕ್ಕೂ ಲಾಭಕ್ಕೂ ನಡುವಿನ ನಮ್ಮ ಲೆಕ್ಕ

ರಾಯಚೂರಿನಲ್ಲಿ ಬೇಳೆ ಮಿಲ್ ನಡೆಸುವ ನಮ್ಮ ಮನೆತನದ ಕಂಪನಿಯು ಲಿಂಗಸುಗೂರು ತಾಲ್ಲೂಕಿನ ರೈತರೇ ಸದಸ್ಯರಾಗಿ ಕಟ್ಟಿಕೊಂಡ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಹಣ ತೊಡಗಿಸಲು ನಿರ್ಧರಿಸಿದಾಗ, ಆ ಹಣವನ್ನು ಯಾವ ರೂಪದಲ್ಲಿ ಕೊಡಬಹುದು ಎಂಬ ಪ್ರಶ್ನೆಯೇ ಮೊದಲು ಎದುರಾಯಿತು. ತಂದೆಯವರ ಹೆಸರಿನ ಟ್ರಸ್ಟಿನಿಂದ ದಾಸೋಹಕ್ಕೂ ಮಕ್ಕಳ ಶಾಲಾ ಶುಲ್ಕಕ್ಕೂ ಕೊಟ್ಟದ್ದು ಮರಳಿ ಬರಬೇಕೆಂಬ ಅಪೇಕ್ಷೆ ನಮಗಿಲ್ಲ. ಮಿಲ್ಲಿನ ಹಣಕ್ಕಾದರೆ ಪೈಸೆ ಪೈಸೆಗೂ ಲೆಕ್ಕವಿದೆ. ಅಸಲು ಮರಳಬೇಕು, ಮಿತವಾದ ಲಾಭವೂ ಬರಬೇಕು, ಜನರಿಗಾದ ಒಳಿತನ್ನು ಅಳೆದು ತೋರಿಸಲೂ ಬೇಕು ಎನ್ನುವ ಹೂಡಿಕೆಗೆ ಇಂಪ್ಯಾಕ್ಟ್ ಇನ್ವೆಸ್ಟಿಂಗ್ ಎಂಬ ಹೆಸರು ಬಂದದ್ದು 2007ರಲ್ಲಿ, ಇಟಲಿಯ ಬೆಲ್ಲಾಜಿಯೋದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಕರೆದ ಸಭೆಯಲ್ಲಿ. ನಾವು ಮಾಡಿದ್ದು ಅದೇ ಬಗೆಯ ಹೂಡಿಕೆಯಾದರೂ ಬಹಳ ಸಣ್ಣದು.

ಷೇರು ಕೊಳ್ಳುವ ದಾರಿ ಮುಚ್ಚಿತ್ತು. 2002ರಲ್ಲಿ ಕಾನೂನಿಗೆ ಸೇರಿದ ಉತ್ಪಾದಕ ಕಂಪನಿಯಲ್ಲಿ ಉತ್ಪಾದಕರಿಗಷ್ಟೇ ಸದಸ್ಯತ್ವ. ಹೊರಗಿನ ಹಣವಂತರು ಹಿಡಿತ ಸಾಧಿಸದಂತೆ ತಡೆಯುವ ಈ ನಿಯಮ ನನಗೆ ಸರಿಯೆಂದೇ ತೋರುತ್ತದೆ. ನಾನು ವೈಯಕ್ತಿಕವಾಗಿ ಸಾಲ ಕೊಟ್ಟರೆ ಅದು ಕಂಪನಿಗಳು ಹೊರಗಿನವರಿಂದ ಹಣ ಪಡೆಯುವುದಕ್ಕಿರುವ ಠೇವಣಿ ಸ್ವೀಕಾರದ ನಿಯಮಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಕಂಪನಿ ಮತ್ತೊಂದಕ್ಕೆ ಕೊಡುವ ಸಾಲಕ್ಕೆ ಆ ತೊಡಕಿಲ್ಲ. ಆದರೆ 2013ರ ಕಂಪನಿ ಕಾಯ್ದೆಯ 186ನೆಯ ಕಲಮಿನ ಪ್ರಕಾರ ಅಂಥ ಸಾಲದ ಬಡ್ಡಿಯು ಸಾಲದ ಅವಧಿಗೆ ಹತ್ತಿರವಾದ ಸರ್ಕಾರಿ ಸಾಲಪತ್ರದ ಇಳುವರಿಗಿಂತ, ಅಂದರೆ ಅದು ವರ್ಷಕ್ಕೆ ತರುವ ಪ್ರತಿಫಲದ ದರಕ್ಕಿಂತ, ಕಡಿಮೆ ಇರುವಂತಿಲ್ಲ. ಬಡ್ಡಿಯಿಲ್ಲದೆ ಕೊಡೋಣವೆಂದ ಅಣ್ಣನ ಮಾತು ಅಲ್ಲಿಗೇ ನಿಂತಿತು. 3 ವರ್ಷದ ಸರ್ಕಾರಿ ಪತ್ರದ ಇಳುವರಿಗೆ ಶೇ. 1ರಷ್ಟು ಸೇರಿಸಿ ದರ ಗೊತ್ತುಮಾಡಿದೆವು. ಟ್ರಸ್ಟಿನ ಹಣವನ್ನು ಹೀಗೆ ಸಾಲವಾಗಿ ತೊಡಗಿಸಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲವಾದ್ದರಿಂದ, ಲೆಕ್ಕ ಬರೆಯುವ ಮತ್ತು ಕಾಳಿನ ತೇವಾಂಶ ಅಳೆಯುವ ತರಬೇತಿಯ ಖರ್ಚನ್ನಷ್ಟೇ ಟ್ರಸ್ಟು ನೇರವಾಗಿ ಭರಿಸಿತು.

ಕರಾರಿನ ತಿರುಳು ಇದ್ದದ್ದು ಬೇರೊಂದು ಷರತ್ತಿನಲ್ಲಿ: ನಮ್ಮಿಂದ ಸಾಲ ಪಡೆದವರು ತೊಗರಿಯನ್ನು ನಮಗೇ ಮಾರಬೇಕಾಗಿಲ್ಲ. ಬಿತ್ತನೆಗೆ ಮುಂಗಡ ಕೊಟ್ಟ ದಲಾಲಿ ಅಂಗಡಿಗೇ ಬೆಳೆ ಹಾಕುವುದು ನಮ್ಮ ಕಡೆಯ ರೂಢಿ. ಅಲ್ಲಿ ರೈತನಿಗೆ ಬಡ್ಡಿಯ ಹೊರೆಗಿಂತ ದೊಡ್ಡ ನಷ್ಟವೆಂದರೆ ಇನ್ನೊಂದು ಅಂಗಡಿಯಲ್ಲಿ ದರ ಕೇಳಲಾಗದಿರುವುದು. ಬೇಳೆ ಮಿಲ್ಲಿನವನಾದ ನಾನೇ ಸಾಲ ಕೊಟ್ಟವನೂ ಖರೀದಿದಾರನೂ ಆದರೆ, ಹೂಡಿಕೆಯ ಹೆಸರು ಎಷ್ಟೇ ಹೊಸದಾಗಿರಲಿ, ವ್ಯವಹಾರ ಹಳೆಯದೇ ಆಗುತ್ತದೆ. ಹಾಗಾಗಿ ಅವರು ದರ ಕರೆದಾಗ ನಾವೂ ಇತರ ಮಿಲ್ಲುಗಳಂತೆ ಚೀಟಿ ಹಾಕಬಹುದು, ಅಷ್ಟೇ. ಗಂಜ್‌ನ (ಕೃಷಿ ಮಾರುಕಟ್ಟೆಯ) ವರ್ತಕ ಮಿತ್ರರು ಇದನ್ನು ಕೇಳಿ ನಕ್ಕರು. ಮೊದಲ ಹಂಗಾಮಿನ ದೊಡ್ಡ ಲಾಟು ನಮ್ಮ ಕೈತಪ್ಪಿ ಬೇರೆ ಮಿಲ್ಲಿಗೆ ಹೋದಾಗ ಅವರು ಇನ್ನೂ ಜೋರಾಗಿ ನಕ್ಕರು. ನನಗೆ ಮಾತ್ರ ಸಾಲವು ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ತೊಗರಿ ಕಟಾವಾಗುವುದು ಡಿಸೆಂಬರ್-ಜನವರಿಯಲ್ಲಿ. ಆದ್ದರಿಂದ ಕಂತು ಏಪ್ರಿಲ್‌ನಲ್ಲಿ, ವರ್ಷಕ್ಕೆ ಒಂದೇ ಬಾರಿ. ಮಳೆ ಕೈಕೊಟ್ಟರೆ ಅಸಲಿನ ಕಂತನ್ನು ಒಂದು ಹಂಗಾಮು ಮುಂದೂಡಬಹುದು, ಬಡ್ಡಿಯನ್ನು ಮಾತ್ರ ಕಟ್ಟಲೇಬೇಕು. ವರದಿಯಲ್ಲಿ ಸಭೆಗಳ ಫೋಟೋ ಬೇಡವೆಂದೆವು. ಬದಲಾಗಿ ಎರಡು ಅಂಕಿ ಕೇಳಿದೆವು: ತೂಕದ ಕಡಿತ, ಹಮಾಲಿ, ಸಾಗಣೆ ಎಲ್ಲ ಕಳೆದು ಸದಸ್ಯನಿಗೆ ಕ್ವಿಂಟಲ್‌ಗೆ ನಿಜವಾಗಿ ಸಿಕ್ಕ ದರ ಅದೇ ದಿನದ ಎಪಿಎಂಸಿ ದರಕ್ಕಿಂತ ಎಷ್ಟು ಹೆಚ್ಚು, ಮತ್ತು ಹಣ ಕೈಸೇರಲು ಎಷ್ಟು ದಿನ ಹಿಡಿಯಿತು. ಮೊದಲನೆಯದು ಸಮಾಧಾನಕರವಾಗಿತ್ತು. ಎರಡನೆಯದರಲ್ಲಿ ದಲಾಲಿ ಅಂಗಡಿಯೇ ಮುಂದಿತ್ತು, ಏಕೆಂದರೆ ಅಲ್ಲಿ ತೂಕವಾದ ದಿನವೇ ಅಗತ್ಯವಿದ್ದಷ್ಟು ನಗದು ಸಿಗುತ್ತದೆ. ಮನೆಯಲ್ಲಿ ಮದುವೆಯೋ ಆಸ್ಪತ್ರೆಯ ಖರ್ಚೋ ಇದ್ದವರು ಹೆಚ್ಚಿನ ದರಕ್ಕಾಗಿ ಕಾಯಲಾರರು. ಆದ್ದರಿಂದ ಎರಡನೆಯ ವರ್ಷ, ವಿಂಗಡಣಾ ಯಂತ್ರಕ್ಕೆಂದು ತೆಗೆದಿರಿಸಿದ್ದ ಸಾಲದ ಒಂದು ಭಾಗವನ್ನು ದುಡಿಯುವ ಬಂಡವಾಳಕ್ಕೆ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣಕ್ಕೆ, ತಿರುಗಿಸಿ, ತೂಕದ ದಿನವೇ ಹೆಚ್ಚಿನ ಪಾಲನ್ನು ಪಾವತಿಸಿ, ಉಳಿದದ್ದನ್ನು ಮಾರಾಟದ ನಂತರ ಕೊಡುವ ಏರ್ಪಾಡಾಯಿತು. ಉತ್ಪಾದಕ ಕಂಪನಿಯ ಕಾನೂನಿನಲ್ಲೇ ಹೀಗೆ ಬೆಲೆಯ ಒಂದಂಶವನ್ನು ತಡೆಹಿಡಿದು ನಂತರ ಕೊಡಲು ಅವಕಾಶವಿದೆ.

ಆ ವರ್ಷಗಳ ಲೆಕ್ಕಪತ್ರ ನೋಡಿಯೇ ಬ್ಯಾಂಕೊಂದು ಅವರಿಗೆ ಸಾಲದ ಮಿತಿ ಮಂಜೂರು ಮಾಡಿತು; ನಮ್ಮ ಸಾಲವನ್ನು ನವೀಕರಿಸುವ ಅಗತ್ಯ ಬೀಳಲಿಲ್ಲ. ಮರಳಿದ ಅಸಲನ್ನು ಈಗ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ನವಣೆ ಬೆಳೆಗಾರರ ಕಂಪನಿಗೆ ಕೊಡುವ ಮಾತುಕತೆ ನಡೆದಿದೆ. ನವಣೆ ತೊಗರಿಗಿಂತ ಬಹಳ ಮುಂಚೆ ಕೊಯ್ಲಿಗೆ ಬರುವುದರಿಂದ ಕಂತಿನ ತಿಂಗಳು ಬದಲಾಗುತ್ತದೆ. ಬೆಳೆಯನ್ನು ನಮಗೇ ಮಾರಬೇಕಾಗಿಲ್ಲ ಎಂಬ ಷರತ್ತನ್ನು ಮಾತ್ರ ಅಲ್ಲಿಯೂ ಬರೆಸುತ್ತಿದ್ದೇವೆ, ನಮ್ಮ ಮಿಲ್ಲು ನವಣೆ ಕೊಳ್ಳುವುದಿಲ್ಲವಾದರೂ.